ಆಯ್ತು ಸರ್

ಮಾರ್ಚ್ 4, ಬೆಳಿಗ್ಗೆ 10
ಒಂದನೇ ಲಿಫ್ಟಿಗೆ ಗ್ರೀಸ್ ಹಾಕಿ ಮುಗಿಸಿದೆ. ಎರಡನೆಯದು ನಿನ್ನೆಯಿಂದ ನಿಂತಿದೆ. ಮ್ಯಾನೇಜರ್ ಫೋನು. "ಎರಡನೇ ಲಿಫ್ಟು, ಬ್ರೇಕ್ ಚೆಕ್ಕು…" ಪೂರ್ತಿ ಮಾತಾಡಿದರೆ ಇವರ ಗಂಟೇನು ಹೋಗುತ್ತೋ. "ಆಯ್ತು ಸರ್" ಅಂದೆ. ಟೀ ಕುಡಿದು ನೋಡಬೇಕು.

ಮಾರ್ಚ್ 5
ನಿನ್ನೆ ನಾನು ಟೀ ಕುಡಿಯುತ್ತಿರುವಾಗಲೇ ಮ್ಯಾನೇಜರ್ ಆ ಲಿಫ್ಟ್ ಚಾಲೂ ಮಾಡಿಸಿಬಿಟ್ಟಿದ್ದರು. ಅರ್ಧ ಮಹಡಿ ಜಾರಿತು. ಒಳಗಿದ್ದದ್ದು ಕಸ ಗುಡಿಸುವ ಅಕ್ಕ. ಮಣಿಕಟ್ಟು ಮುರಿದಿದೆ.

ನಾನು ಅಂದದ್ದು, ಮಾಡ್ತೀನಿ ಅಂತ. ಅವರು ಕೇಳಿಸಿಕೊಂಡದ್ದು, ಮುಗೀತು ಅಂತ. ಹಾಳಾದ್ದು… ಊಟ ಆಯ್ತಾ ಅಂದರೂ ಆಯ್ತು, ಊಟಕ್ಕೆ ಬಾ ಅಂದರೂ ಆಯ್ತು.

ಮಾರ್ಚ್ 9
ಕಾಗದ ಬಂತು. 'ಬ್ರೇಕ್ ಪರೀಕ್ಷೆ ಮುಗಿದಿದೆಯೆಂದು ಸುಳ್ಳು ಹೇಳಿದ್ದೇನೆ.' ಸಹಿ ಹಾಕಿದರೆ ಒಂದು ತಿಂಗಳು ಸಸ್ಪೆಂಡ್. ಇಲ್ಲದಿದ್ದರೆ ಕೆಲಸಕ್ಕೇ ಕುತ್ತು.

"ಸಹಿ ಹಾಕಿ ಕೈ ತೊಳ್ಕೊಳ್ಳೇ" ಅಂದರು ನಮ್ಮ ಮನೆಯವರು. ಹಾಕುತ್ತಿದ್ದೆನೋ ಏನೋ. ಆಸ್ಪತ್ರೆಗೆ ಹೋದರೆ ಅಕ್ಕ ಮುಖ ತಿರುಗಿಸಿದಳು.

"ಸುಳ್ಳು ಹೇಳಿ ನನ್ನ ಕೈ ಮುರಿದ್ಯಲ್ಲೇ."

ಮ್ಯಾನೇಜರ್ ಮೊದಲೇ ಬಂದು ಕಿವಿ ಊದಿ ಹೋಗಿದ್ದಾರೆ. ಕೆಲಸ ಹೋದರೆ ಹೋಗಲಿ. ಸುಳ್ಳುಗಾರ್ತಿ ಅನ್ನಿಸಿಕೊಂಡು ಬದುಕುವವಳಲ್ಲ ನಾನು.

ಮಾರ್ಚ್ 16
ವಿಚಾರಣೆ. ಫೋನ್ ರೆಕಾರ್ಡಿಂಗ್ ಹಾಕಿದರು. ನನ್ನದೇ ದನಿ — ಆಯ್ತು ಸರ್. ಮ್ಯಾನೇಜರ್ ಮೀಸೆ ತಿರುವಿದರು.

"ಸರ್, ಈಗ ನೀವೇ ಹೋಗಿ ಆ ಬ್ರೇಕ್ ನೋಡ್ಕೊಂಡು ಬನ್ನಿ" ಅಂದೆ ಅವರಿಗೆ.

"ಆಯ್ತಮ್ಮ, ಆಯ್ತು. ಸುಮ್ನೆ ಕೂತ್ಕೋ."

ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತರ ಕಡೆ ತಿರುಗಿದೆ. "ಬರ್ಕೊಳ್ಳಿ. ಸಾಹೇಬ್ರು ಬ್ರೇಕ್ ನೋಡ್ಕೊಂಡು ಬಂದಿದ್ದಾರೆ."

ವಿಚಾರಣಾಧಿಕಾರಿ ಕೆಮ್ಮಿ ನಗು ನುಂಗಿದರು. ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ಅಕ್ಕ ನಗಲಿಲ್ಲ. ಮ್ಯಾನೇಜರನ್ನೇ ನೋಡುತ್ತಿದ್ದಳು. ಹೊರಡುವಾಗ ನನ್ನ ಪಕ್ಕ ಬಂದು, "ಬಸ್ ಸ್ಟಾಪ್ ತನಕ ಬರ್ತೀಯೇನೇ?" ಅಂದಳು. ಹೋದೆ.

ಮಾರ್ಚ್ 18, ಮಧ್ಯಾಹ್ನ
ಹೊಸ ಕಾಗದ. 'ಸುಳ್ಳು' ಹೋಗಿ 'ಅಜಾಗರೂಕತೆ' ಬಂದಿದೆ. ನನ್ನೊಬ್ಬಳದೇ. ಬಂದು ನೋಡದೆ ಸ್ವಿಚ್ ಹಾಕಿಸಿದವರ ಸುದ್ದಿಯೇ ಇಲ್ಲ. ಬಿಡಿಸಿ ಹೇಳದ ತಪ್ಪು ನನ್ನದೂ ಹೌದು. ಇಬ್ಬರ ಹೆಸರೂ ಬರೆಯಲಿ, ಈಗಲೇ ಸಹಿ ಹಾಕುತ್ತೇನೆ.

ಸಹಿಯ ಜಾಗದಲ್ಲಿ ದೊಡ್ಡದಾಗಿ ಬರೆದೆ: ಆಗಲ್ಲ.

ಇದಕ್ಕೆ ಎರಡು ಅರ್ಥ ಬರುವುದಿಲ್ಲ.

ಮ್ಯಾನೇಜರ್ ಫೋನು. ಬಡಿದುಕೊಳ್ಳಲಿ… ಮತ್ತೆ ಬಡಿದುಕೊಳ್ಳುತ್ತಿದೆ. ತಡಿ, ಎತ್ತಿ ಅದನ್ನೇ ಬಾಯಲ್ಲೂ—