ಪೆನ್ಸಿಲ್ ಎತ್ತಿದರೆ ನಗಬೇಕು

ಬೆಳಗಿನ ದೊರೆಗೆ,

ಊರೆಲ್ಲ ರೇಡಿಯೋದಲ್ಲಿ ಕೇಳಿದ ಹೆಸರಿನಿಂದಲೇ ಶುರು ಮಾಡಿದ್ದೇನೆ, ಖುಷಿಪಡು. ನಾನು ಕ್ಷೇಮವಾಗಿಲ್ಲ, ನಿನ್ನ ಕ್ಷೇಮ ಕೇಳುವ ಮನಸ್ಸೂ ಇಲ್ಲ. ಇಷ್ಟು ವರ್ಷ ಬಾಯ್ತುಂಬ 'ನೀವು' ಎಂದೆ. ಇವತ್ತು ಆಗುವುದಿಲ್ಲ, ಮೈಯೆಲ್ಲ ಉರಿಯುತ್ತಿದೆ.

ನಿನ್ನೆ ರೆಕಾರ್ಡಿಂಗ್ ನೋಡಿಕೊಳ್ಳುವವರು ತಲೆ ತಗ್ಗಿಸಿಕೊಂಡು ಬಂದರು. "ಮೇಡಂ, ಸಾರ್ ನಿಮ್ಮ ನಗುನೆಲ್ಲಾ ಒಂದು ಕಡೆ ಹಾಕಿಕೊಡಿ ಅಂದಿದಾರೆ. ಸಣ್ಣದು, ದೊಡ್ಡದು, ಉಸಿರು ಕಟ್ಟೋ ಥರದ್ದು, ಎಲ್ಲಾ ಬೇರೆ ಬೇರೆ. ಹೊಸ ಸ್ಟೇಷನ್ನಿಗೆ ಬೇಕಂತೆ. ನಿಮಗೆ ಹೇಳಿದಾರೆ ತಾನೆ?" ಎಂದರು. ಎಲ್ಲಿ ಹೇಳಿದ್ದೆ ನೀನು? ದೊಡ್ಡ ಸ್ಟೇಷನ್ನು ಸಿಕ್ಕಿತೆಂದು ಸಿಹಿ ಹಂಚಿ ಹೊರಟಾಗಲೂ ಹೇಳಲಿಲ್ಲ. ಬೆರಳು ತೋರಿಸಿದರೆ ಹಸ್ತ ನುಂಗುವವರನ್ನು ಕಂಡಿದ್ದೆ. ಪಕ್ಕದವಳ ನಗುವನ್ನೇ ಗಂಟು ಕಟ್ಟಿಕೊಂಡು ಹೊರಟವನನ್ನು ಕಂಡದ್ದು ಇದೇ ಮೊದಲು.

ನಾನು ಈ ಸ್ಟೇಷನ್ನಿಗೆ ಬಂದದ್ದು ಸುದ್ದಿ ಓದಲು. ಮೊದಲ ವಾರವೇ ನೀನು ಬಿಸಿ ಚಹಾ ಪ್ಯಾಂಟಿನ ಮೇಲೆ ಚೆಲ್ಲಿಕೊಂಡು ಕುಣಿದಾಗ, ಮೈಕ್ ಆನ್ ಇರುವುದನ್ನು ಮರೆತು ನಕ್ಕುಬಿಟ್ಟೆ. ಮ್ಯಾನೇಜರ್ ಓಡಿಬಂದು, "ಸುದ್ದಿ ಯಾರು ಬೇಕಾದ್ರೂ ಓದ್ತಾರೆ, ಈಕೆ ನಗ್ಲಿ" ಎಂದರು. ಅಲ್ಲಿಗೆ ನನ್ನ ಸುದ್ದಿ ಮುಗಿಯಿತು, ನಿನ್ನ ಬೆಳಗಿನ ಕಾರ್ಯಕ್ರಮದ ಜೋಕುಗಳಿಗೆ ನಗುವುದೇ ಕೆಲಸವಾಯಿತು. ನೀನು ಪೆನ್ಸಿಲ್ ಎತ್ತಿದರೆ ನಗಬೇಕು, ಇಳಿಸಿದರೆ ನಿಲ್ಲಿಸಬೇಕು. 'ಕಿಲಕಿಲ' ಎಂದು ಹೆಸರು ಬೇರೆ ಇಟ್ಟೆ. ಸಂಜೆ ಒಲೆಯ ಮುಂದೆ ನಿಂತು ಮರುದಿನದ ಜೋಕುಗಳನ್ನು ಬರೆಯುತ್ತಿದ್ದವಳು ಯಾರೆಂದು ಕೇಳುಗರಿಗೆ ಗೊತ್ತೇ ಇಲ್ಲ. ಬರೆದವಳೂ ನಾನೇ, ನಕ್ಕವಳೂ ನಾನೇ, ಶಹಭಾಸ್ ಅನ್ನಿಸಿಕೊಂಡವನು ಮಾತ್ರ ನೀನು!

ಒಂದು ದಿನ ಮಗಳು ಶಾಲೆಯಿಂದ ಬಂದು, ಅವರ ಟೀಚರ್ ನಡೆಯುವುದನ್ನು ಅಣಕಿಸಿ ತೋರಿಸಿದಳು. ನಾನು ನಕ್ಕೆ. ಅವಳು ಅಲ್ಲೇ ನಿಂತು, "ಅಮ್ಮಾ, ರೇಡಿಯೋ ನಗು ಬೇಡ, ನಿಂದು ನಗು" ಎಂದಳು. ಹುಡುಕಿದೆ ಕಣೋ, ಎಷ್ಟು ಹುಡುಕಿದರೂ ಬೇರೆ ನಗು ಬರಲಿಲ್ಲ.

ನಿನ್ನೆ ಆ ನಗುಗಳನ್ನೆಲ್ಲ ಹಾಕಿಸಿಕೊಂಡು ಕೇಳಿದೆ. 'ಇದಂತೂ ಬೇಕೇ ಬೇಕು' ಎಂದು ನೀನು ಗುರುತು ಹಾಕಿಸಿದ ನಗು ಯಾವ ದಿನದ್ದು, ನೆನಪಿದೆಯೇ? ಅಪ್ಪ ತೀರಿಕೊಂಡ ಮೇಲೆ ನಾನು ಮೊದಲ ಸಲ ಕೆಲಸಕ್ಕೆ ಬಂದ ಬೆಳಿಗ್ಗೆಯದು. "ಇವತ್ತು ನನ್ನ ಕೈಲಾಗಲ್ಲ, ಪೆನ್ಸಿಲ್ ಎತ್ತಬೇಡಿ" ಎಂದು ಬೇಡಿಕೊಂಡಿದ್ದೆ. ನೀನು "ಆಯ್ತಮ್ಮಾ" ಎಂದೆ. ಮೈಕ್ ಆನ್ ಆದದ್ದೇ ತಡ, ಎತ್ತಿದೆ. ನಾನು ನಕ್ಕೆ. ಅರ್ಧಕ್ಕೆ ಅದು ಅಳುವಾಯಿತು, ತಡೆಯಲಾಗಲಿಲ್ಲ. ಪಕ್ಕದಲ್ಲೇ ಕೂತು ಎಲ್ಲ ನೋಡುತ್ತಿದ್ದ ನೀನು, "ನೋಡಿ ಸ್ವಾಮಿ, ನಮ್ಮ ಕಿಲಕಿಲ ನಕ್ಕೂ ನಕ್ಕೂ ಕಣ್ಣೀರು ಹಾಕ್ತಿದಾಳೆ!" ಎಂದು ಊರಿಗೆಲ್ಲ ಸಾರಿದೆ. ಅಪ್ಪನಿಗಾಗಿ ಅತ್ತದ್ದನ್ನು ಇನ್ನೊಂದು ಊರಿನಲ್ಲಿ ನಿನ್ನ ಹಳಸಲು ಜೋಕಿನ ಬಾಲಕ್ಕೆ ಅಂಟಿಸಬೇಕೆಂದಿದ್ದೆಯಾ? ಥೂ!

ಆ ನಗುಗಳನ್ನೆಲ್ಲ ನಾನೇ ನಿಂತು ನನ್ನ ಕಣ್ಣೆದುರೇ ಅಳಿಸಿಹಾಕಿಸಿದೆ. "ಸಾರ್ ಕೇಳಿದ್ರೆ?" ಎಂದು ರೆಕಾರ್ಡಿಂಗಿನವರು ಹೆದರಿದರು. ನಾನೇ ಅಳಿಸಿದೆನೆಂದು ಹೇಳಿ ಎಂದಿದ್ದೇನೆ. ಸೋಮವಾರದಿಂದ ಆ ಬೆಳಗಿನ ಹೊತ್ತು ನನ್ನದು. ಮ್ಯಾನೇಜರ್, "ಪಕ್ಕದಲ್ಲಿ ನಗೋಕೆ ಯಾರನ್ನ ಕೂರಿಸೋಣ?" ಎಂದು ಕೇಳಿದರು. ಯಾರೂ ಬೇಡ ಎಂದೆ. ಜೋಕು ಚೆನ್ನಾಗಿದ್ದರೆ ಕೇಳುವವರು ಅವರವರ ಅಡುಗೆಮನೆಯಲ್ಲಿ ನಗುತ್ತಾರೆ, ಇಲ್ಲದಿದ್ದರೆ ಸುಮ್ಮನಿರುತ್ತಾರೆ.

ಹೊರಡುವ ಅವಸರದಲ್ಲಿ ಪೆನ್ಸಿಲನ್ನು ಮೇಜಿನ ಮೇಲೇ ಮರೆತಿದ್ದೀಯ. ಈ ಪತ್ರದ ಜೊತೆ ಇಟ್ಟಿದ್ದೇನೆ. ಹೊಸ ಊರಿನ ಮನೆಯಲ್ಲಿ ಒಬ್ಬನೇ ಇರುವಾಗ ಒಮ್ಮೆ ಎತ್ತಿ ನೋಡು.

ಚೆನ್ನಾಗಿರು. ನಿನ್ನೆದುರು ಒಬ್ಬರಾದರೂ ತಾವಾಗಿ ನಗುವಷ್ಟು ಒಳ್ಳೆಯವನಾಗು.

ಇಷ್ಟು ವರ್ಷ ನಿನ್ನ ಎಡಗಡೆ ಕುರ್ಚಿಯಲ್ಲಿ ಕೂತಿದ್ದವಳು