ಬನ್ನಿ ಮುಡಿದ ಮ್ಯಾಲೆ ಒರಸು

ರವಿವಾರ ಪೇಠ, ಪುಣೆ
ಬಹುಧಾನ್ಯ ಸಂವತ್ಸರ, ಆಶ್ವೀಜ ಶುದ್ಧ ಅಷ್ಟಮಿ, ೧೯೩೮

ಚಿರಂಜೀವಿ ಸೌಭಾಗ್ಯವತಿ ಕಾಶವ್ವಳಿಗೆ ನಿನ್ನ ಅಪ್ಪನ ಅನೇಕ ಆಶೀರ್ವಾದಗಳು. ನಾನೂ ನಿನ್ನ ಅವ್ವನೂ ಇಲ್ಲಿ ಉಂಡುತಿಂದು ನಡೆದಾಡಿಕೊಂಡಿದ್ದೇವೆ. ಬೆಳಗಾವಿಯಲ್ಲಿ ನೀನು, ಕೂಸು, ಅಳಿಯಂದಿರು, ನಿಮ್ಮ ಅತ್ತೆಯವರು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ.

ನಿನ್ನ ಕಾಗದ ಬಂದು ಭಾಳ ದಿನವಾಯಿತು. ತಡವಾಯಿತೆಂದು ಸಿಟ್ಟಾಗಬೇಡ ತಾಯಿ. ದಸರೆಯ ವ್ಯಾಪಾರ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಕೇಳುವವರ ಗದ್ದಲ, ಅಂಗಡಿಯಲ್ಲಿ ಒಬ್ಬನೇ ಇದ್ದೇನೆ ಎಂದು ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ಬರೆಯಲು ಕೂತಾಗಲೆಲ್ಲ ಕೈ ಏಳಲಿಲ್ಲ. ನಿನ್ನ ಅವ್ವ ಖಣದ ತುಂಡುಗಳನ್ನು ಕೂಡಿಸಿ ಕೂಸಿನ ತಲೆಗೆ ಒಂದು ಕುಂಚಿಗೆ ಹೊಲಿದಿದ್ದಾಳೆ. ಅದರ ಅಂಚಿಗೆ ಕೆಂಪು ಬಟ್ಟೆ ಹಚ್ಚಲೋ ಹಸಿರು ಹಚ್ಚಲೋ ಎಂದು ನನ್ನನ್ನು ಕೇಳಿದಳು, ನಾನು ಹಸಿರು ಅಂದೆ, ಕೆಂಪು ಹಚ್ಚಿದಳು. ಆ ಒಂದು ಗುಣ ಮಾತ್ರ ಮೊದಲಿನಂತೆಯೇ ಇದೆ. ಉಳಿದಂತೆ ಮಾತು ಕಡಿಮೆಯಾಗಿದೆ.

ಕೂಸಿಗೆ ತೀರಿಹೋದ ತಮ್ಮನ ನೆನಪಿಗೆ ಶಿವಪುತ್ರ ಎಂದು ಹೆಸರಿಡಬೇಕೆಂಬ ನಿನ್ನ ಆಸೆಯನ್ನು ಓದಿದೆ. ನಿಮ್ಮ ಅತ್ತೆಯವರು, "ಹುಚ್ಚರಂಗ ಸೈಕಲ್ ಬಿಟ್ಟು, ತಾನೂ ಸತ್ತು, ದಾರಿಯಾಗಿನ ಮಂದೀನೂ ಸಾಯಿಸಾಕ ಹೋದಾವನ ಹೆಸರು ನಮ್ಮ ಮನಿ ತೊಟ್ಟಿಲಕ್ಕ ಬ್ಯಾಡ" ಎಂದದ್ದನ್ನೂ ಓದಿದೆ. ನೀನು ಕೇಳಿದ್ದೀ: "ಅಪ್ಪಾ, ತಮ್ಮ ಅಂಥಾವನಲ್ಲ ಅಂತ ನೀ ಒಂದು ಮಾತು ಬರೆದು ಕಳಿಸು. ವರ್ಷದಿಂದ ಮಂದಿ ಆಡಿದ್ದನ್ನೆಲ್ಲ ಕೇಳಿಕೊಂಡು ಯಾಕ ಬಾಯಿಗೆ ಬೀಗ ಹಾಕ್ಕೊಂಡು ಕೂತಿ?"

ಸರಿಯಾಗಿಯೇ ಕೇಳಿದ್ದೀ.

ಅವನ ಸೈಕಲ್ಲಿನ ಹುಚ್ಚು ನಿನಗೆ ಹೊಸತಲ್ಲ. ಆದರೆ ಅದು ಎಂಥ ಹುಚ್ಚಾಗಿತ್ತು ಎಂಬುದನ್ನು ಊರು ಮರೆತುಬಿಟ್ಟಿದೆ. ನೀನು ಅತ್ತು ಕರೆದು ಊಟ ಬಿಟ್ಟರೂ ಅವನು ನಿನ್ನನ್ನು ಹಿಂದೆ ಕೂಡಿಸಿಕೊಳ್ಳಲಿಲ್ಲ, ನೆನಪಿದೆಯೇ? "ಡಬಲ್ ಸೀಟ್ ಹ್ವಾದ್ರ ತೋಲ ತಪ್ಪತದ ಅಕ್ಕಾ, ಬೇಕಾದ್ರ ನೀ ಹತ್ತು, ನಾ ಹಿಂದ ಓಡಿ ಬರ್ತೀನಿ" ಅಂದು ಬುಧವಾರ ಪೇಠದವರೆಗೆ ನಿಜವಾಗಿಯೂ ಓಡಿಬಂದ. ಸೈಕಲ್ ಮಂಡಳಿಯ ಹುಡುಗರೆಲ್ಲ ಸಿಂಹಗಡದ ದಾರಿಯಲ್ಲಿ ಯಾರು ಜೋರು ಎಂದು ಎದೆ ತಟ್ಟಿಕೊಳ್ಳುತ್ತಿದ್ದರೆ ಇವನು ಗಾಡಿ ಅಡ್ಡೆಗೆ ಹೋಗಿ ಎತ್ತಿನ ಗಾಡಿಯವರ ಜೊತೆ ಕೂತು ಮಾತಾಡುತ್ತಿದ್ದ. ಗಾಡಿಯ ಕೆಳಗೆ ಕಂದೀಲು ಕಟ್ಟಿರಿ, ಎಡಕ್ಕೆ ಇರಿ, ನಾವು ದೂರದಿಂದಲೇ ಗಂಟೆ ಬಾರಿಸುತ್ತೇವೆ, ಎತ್ತು ಬೆದರುವಂತೆ ಹತ್ತಿರ ಬಂದು ಬಾರಿಸುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದ. "ರಸ್ತೆ ಅವರದೂ ಹೌದು ಅಪ್ಪಾ. ನಮಗ ಆಟ, ಅವರಿಗೆ ಹೊಟ್ಟಿಪಾಡು" ಅನ್ನುತ್ತಿದ್ದ. ಆ ವಯಸ್ಸಿನಲ್ಲಿ ನನಗೆ ಅಷ್ಟು ಬುದ್ಧಿ ಇರಲಿಲ್ಲ.

ಇನ್ನೊಂದು ಚಟ. ಎಲ್ಲಿಗೆ ಹೊರಟರೂ ಮೊದಲು ಒಣ ಬಟ್ಟೆ ತೆಗೆದುಕೊಂಡು ಗಾಲಿಯ ರಿಮ್ಮು ಒರೆಸುತ್ತಿದ್ದ. ಬ್ರೇಕಿನ ರಬ್ಬರು ಬಂದು ಒತ್ತುವುದು ಆ ಉಕ್ಕಿನ ಅಂಚಿಗೇ ತಾನೇ. ಅದು ಒಣಗಿರದಿದ್ದರೆ ಎಷ್ಟು ಹಿಚುಕಿದರೂ ಗಾಲಿ ನಿಲ್ಲುವುದಿಲ್ಲ. ಮನೆಯಲ್ಲಿನ ಒರೆಸುವ ಬಟ್ಟೆಗಳೆಲ್ಲ ಇವನ ಪಾಲಾಗುತ್ತವೆ ಎಂದು ನಿನ್ನ ಅವ್ವ ಒದರಾಡುತ್ತಿದ್ದಳು.

ಮೊನ್ನೆ ಮಂಡಳಿಯ ಅಧ್ಯಕ್ಷರಾದ ಗೂಳಪ್ಪನವರು ಅಂಗಡಿಗೆ ಬಂದಿದ್ದರು. ಈ ವರ್ಷವೂ ದಸರೆಯ ಬೆಳಗ್ಗೆ ಸ್ವಾರಗೇಟಿನಿಂದ ಕಾತ್ರಜ ಘಾಟಿನ ಸುರಂಗದವರೆಗೆ ಹೋಗಿ ಬರುವ ಸೀಮೋಲ್ಲಂಘನದ ಸೈಕಲ್ ಪಂದ್ಯ ಇದೆಯಂತೆ. "ಈರಬಸಪ್ಪಾರ, ಬಾವುಟ ನೀವ ಬೀಸಬೇಕ್ರಿ. ಸುರು ಮಾಡೂ ಮೊದಲ ಹುಡುಗರಿಗೆ ನಾ ಎರಡು ಮಾತು ಹೇಳಾಂವ. ಹ್ವಾದ ವರ್ಷದಂಗ ಯಾರೂ ಹುಚ್ಚಾಟ ಮಾಡಬ್ಯಾಡ್ರಿ ಅಂತ. ತಪ್ಪು ತಿಳೀಬ್ಯಾಡ್ರಿ ಮತ್ತ" ಎಂದರು. ಆಗಲಿ ಅಂದೆ. ಅವರು ಹೋದ ಮೇಲೆ ಒಬ್ಬಾಕೆಗೆ ಸೀರೆ ಅಳೆದು ಕೊಡುವಾಗ ಸೆರಗು ಯಾವುದು ಮೈ ಯಾವುದು ತಿಳಿಯದಾಯಿತು.

ಈಗ ಹೇಳುತ್ತೇನೆ. ಬೆಳಗಾವಿಯ ಮನೆಯಲ್ಲಿ ಯಾರ ಮುಂದೂ ಇದನ್ನು ಓದಬೇಡ.

ಹೋದ ವರ್ಷ ಖಂಡೇಪೂಜೆಯ ದಿನ ನಿನ್ನ ಅವ್ವ ಪ್ರತಿ ವರ್ಷದಂತೆ ಮನೆಯ ಕಬ್ಬಿಣವನ್ನೆಲ್ಲ ಹೊರಗೆ ಇಟ್ಟಳು. ಈಳಿಗೆ, ಕತ್ತರಿ, ಕೊಡಲಿ, ಅಂಗಡಿಯ ಗಜಕಡ್ಡಿ, ಹೊಲಿಗೆ ಮಶೀನು. ಎಲ್ಲವನ್ನೂ ತೊಳೆದು, ಕುಸುಬಿ ಎಣ್ಣೆ ಸವರಿ, ಮಿರಮಿರ ಮಿಂಚಿಸಿ ವಿಭೂತಿ ಹಚ್ಚುವುದು ಅವಳ ಪದ್ಧತಿ. ಹಿಂದೆಲ್ಲ ಸೈಕಲ್ಲನ್ನು ಅವನೇ ಪೂಜಿಸುತ್ತಿದ್ದ, ಬರೀ ಹೂವು, ವಿಭೂತಿ. ಆ ವರ್ಷ ಮಗ ಪಂದ್ಯಕ್ಕೆ ಹೊರಟಿದ್ದಾನೆಂಬ ಹಿಗ್ಗಿನಲ್ಲಿ ಅವನು ಹೊರಗೆ ಹೋದಾಗ ಅವಳೇ ಕೂತು ಪೂಜಿಸಿದಳು. ಕಬ್ಬಿಣ ಕಂಡಲ್ಲೆಲ್ಲ ಎಣ್ಣೆ ಸವರಿದಳು. ರಿಮ್ಮಿಗೂ ಸವರಿದಳು. ಅಲ್ಲೇ ಹೆಚ್ಚು ಮಿಂಚುತ್ತದೆ ನೋಡು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವನು ಎಂದಿನಂತೆ ಬಟ್ಟೆ ಹಿಡಿದು ಗಾಲಿಯ ಹತ್ತಿರ ಕೂತ. ನಾನು ಅಲ್ಲೇ ಇದ್ದೆ. ಅವ್ವ ಒಳಗಿನಿಂದ ಓಡಿಬಂದು, "ಪೂಜಿ ಮಾಡಿದ್ದನ್ನ ಒರಸಬ್ಯಾಡೋ ಎಪ್ಪಾ. ಸಂಜೀಕ ಬನ್ನಿ ಮುಡಿದ ಮ್ಯಾಲೆ ಒರಸು" ಅಂದಳು. ಅವನು ರಿಮ್ಮು ನೋಡಿದ, ಅವಳ ಮುಖ ನೋಡಿದ, ನಕ್ಕ. "ಆತು ಯವ್ವಾ" ಅಂದು ಬಟ್ಟೆಯನ್ನು ಗೂಟಕ್ಕೆ ತೂಗಹಾಕಿದ. ಹೋಗುವಾಗ ಸಪಾಟು, ಆಮೇಲೆ ಏರು, ಬ್ರೇಕಿನ ಕೆಲಸವೇ ಬೀಳಲಿಲ್ಲ. ಘಾಟು ಹತ್ತುವಾಗ ಎಲ್ಲರಿಗಿಂತ ಮುಂದೆ ಇದ್ದನಂತೆ.

ಇಳಿಯುವಾಗ ಒಂದು ತಿರುವಿನಲ್ಲಿ ಹೇರು ಗಾಡಿಯೊಂದು ಏರುತ್ತಿತ್ತು. ಎತ್ತಿಗೆ ಭಾರವಾದೀತೆಂದು ಗಾಡಿಯವನ ಮನೆಮಂದಿ ಇಳಿದು ಹಿಂದೆ ನಡೆದು ಬರುತ್ತಿದ್ದರು. ಇವನು ಮೇಲಿನಿಂದಲೇ ಗಂಟೆ ಬಾರಿಸಿದ. ಗಾಡಿ ಎಡಕ್ಕೆ ಸರಿಯಿತು, ಹೆಂಗಸರೂ ಸರಿದರು, ಒಂದು ಹುಡುಗಿ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಇವನು ಹ್ಯಾಂಡಲ್ಲನ್ನು ಕಲ್ಲುಗೋಡೆಯ ಕಡೆಗೆ ತಿರುಗಿಸಿದ. ಹುಡುಗಿಗೆ ಒಂದಿಷ್ಟು ಧೂಳು ತಗಲಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಿಂದೆ ಬಂದವರು ನೋಡಿದ್ದು ಅವನ ವೇಗವನ್ನಷ್ಟೇ. ಗಾಡಿಯವನೊಬ್ಬನೇ ಅಳುತ್ತ ನನ್ನ ಹತ್ತಿರ ಬಂದು, ನಿಮ್ಮ ಮಗ ಎರಡೂ ಕೈಯಿಂದ ಬ್ರೇಕು ಹಿಡಿದದ್ದು ಬಿಟ್ಟೇ ಇರಲಿಲ್ಲ ಎಂದ.

ಅವನಿಗೆ ಮಣ್ಣು ಕೊಟ್ಟು ಮನೆಗೆ ಬಂದಾಗ ಯಾರೋ ಸೈಕಲ್ಲನ್ನು ತಂದು ವಾಡೆಯ ಅಂಗಳದಲ್ಲಿ ಒರಗಿಸಿದ್ದರು. ಮುಂದಿನ ಗಾಲಿ ಸೊಟ್ಟಗಾಗಿತ್ತು. ಹಿಂದಿನ ರಿಮ್ಮನ್ನು ಮುಟ್ಟಿದೆ. ಧೂಳಿನ ಕೆಳಗೆ ಬೆರಳು ಜಾರಿತು. ಮೂಸಿ ನೋಡಿದೆ. ಕುಸುಬಿ ಎಣ್ಣೆ. ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ ಕಾಶಿ. ಒಲೆಯ ಬೂದಿ ತಂದು ಎರಡೂ ರಿಮ್ಮು ತಿಕ್ಕಿ ತೊಳೆದೆ. ನಿನ್ನ ಅವ್ವನ ಕಣ್ಣಿಗೆ ಅದು ಬೀಳಬಾರದಿತ್ತು.

ಹುಚ್ಚಾಟ ಎಂದವರಿಗೆಲ್ಲ ನಾನು ಉತ್ತರ ಕೊಡಬಹುದಿತ್ತು. ಕೊಟ್ಟರೆ ಬ್ರೇಕು ಹಿಡಿದರೂ ಗಾಲಿ ಯಾಕೆ ನಿಲ್ಲಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ನಿನ್ನ ಅವ್ವನ ಕೈ. ಸತ್ತವನಿಗೆ ಹೆಸರು ಕೆಟ್ಟರೆ ನೋವಾಗುವುದಿಲ್ಲ, ಬದುಕಿರುವವಳು ಇದನ್ನು ಕೇಳಿದರೆ ಉಳಿಯುವುದಿಲ್ಲ ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಆದ್ದರಿಂದ ಕೂಸಿಗೆ ಬೇರೆ ಹೆಸರು ಇಡು. ಸಿದ್ದಲಿಂಗ ಎಂದು ಇಡು, ನನ್ನಪ್ಪನ ಹೆಸರು, ಒಳ್ಳೆಯದೇ. ಶಿವಪುತ್ರ ನಮ್ಮ ಮೂವರಲ್ಲೇ ಇರಲಿ.

ಹಸಿ ಬಾಣಂತಿ ನೀನು, ಗಾಳಿಗೆ ಕೂಡಬೇಡ, ಕಿವಿಗೆ ಹತ್ತಿ ಇಟ್ಟುಕೋ. ಅತ್ತೆಯವರಿಗೆ ಎದುರು ಮಾತಾಡಬೇಡ. ಕೂಸು ನೂರು ವರ್ಷ ಬಾಳಲಿ, ಓಡಲಿ, ಆಡಲಿ, ಎಲ್ಲಿ ಹೋದರೂ ಮನೆಗೆ ತಿರುಗಿ ಬರಲಿ. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ.

ಇತಿ ನಿನ್ನ ಅಪ್ಪ,
ಈರಬಸಪ್ಪ

ತಾ. ಕ. — ದಶಮಿ, ಸಂಜೆ.

ಹಬ್ಬಕ್ಕೆ ಟಪಾಲು ಕಚೇರಿ ಮುಚ್ಚಿತ್ತು, ಕಾಗದ ಜೇಬಿನಲ್ಲೇ ಉಳಿಯಿತು. ಒಳ್ಳೆಯದಾಯಿತು. ಮೇಲೆ ಬರೆದುದರಲ್ಲಿ ಅರ್ಧ ತಪ್ಪು.

ನಿನ್ನೆ ಖಂಡೇಪೂಜೆ. ಈಳಿಗೆ, ಕತ್ತರಿ, ಗಜಕಡ್ಡಿ ಎಲ್ಲಕ್ಕೂ ಅವಳು ಎಣ್ಣೆ ಸವರಿದಳು. ಆಮೇಲೆ ಆ ಸೊಟ್ಟ ಗಾಲಿಯ ಸೈಕಲ್ಲನ್ನು ತಾನೇ ಎತ್ತಿ ತಂದಳು. ಅವಳು ಎಣ್ಣೆಯ ಬಟ್ಟಲನ್ನು ದೂರ ಸರಿಸಿ, ಕೈ ತೊಳೆದು ಒರೆಸಿಕೊಂಡು, ಹ್ಯಾಂಡಲ್ಲಿಗೆ ವಿಭೂತಿ ಎಳೆದಳು. "ಇದಕ್ಕ ಎಣ್ಣಿ ಬ್ಯಾಡ" ಅಂದಳು.

ಆಮೇಲೆ ನನ್ನ ಕಡೆ ತಿರುಗಿದಳು.

"ಮಗನ್ನ ಮಣ್ಣಾಗ ಇಟ್ಟು ಬಂದಾಂವ ಸೈಕಲ್ ಯಾಕ ತೊಳೀತಾನಂತ ಕಿಟಕ್ಯಾಗಿಂದ ನೋಡಿದ್ನಿ. ಬೂದಿ ಹಚ್ಚಿ ತಿಕ್ಕಾಕತ್ತಿದ್ರಿ. ಬೂದಿ ಯಾತಕ್ಕ ಬೇಕು ಅನ್ನೂದು ಪಾತ್ರಿ ತಿಕ್ಕಾಕಿ ನನಗ ತಿಳೀದಿಲ್ಲೇನ್ರಿ?"

"ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ಯಾ ನಾಗವ್ವಾ?" ಅಂದೆ.

"ನೀವು ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದ್ನಿ. ಎಣ್ಣಿ ಹಚ್ಚಿದಾಕಿ ನಾ. ಹೆಸರು ಕೆಟ್ಟದ್ದು ಅವಂದು. ನನ್ನ ಉಳಸಾಕ ಹೋಗಿ ನನ್ನ ಮಗನ್ನ ಎರಡನೇ ಸಲ ಮಣ್ಣಾಗ ಇಟ್ರಲ್ರಿ."



ಇವತ್ತು ಬೆಳಗ್ಗೆ ನನ್ನ ಜೊತೆ ಸ್ವಾರಗೇಟಿಗೆ ಬಂದಳು. ಬಗಲಲ್ಲಿ ಒಣ ಬಟ್ಟೆಗಳ ಗಂಟು. ಗೂಳಪ್ಪನವರು ಹೋದ ವರ್ಷದ ಹುಚ್ಚಾಟದ ಮಾತು ತೆಗೆದರೋ ಇಲ್ಲವೋ, ಇವಳು ನಡುವೆ ಹೋಗಿ ನಿಂತಳು. ಭಾಜಿ ಕೊಳ್ಳುವಷ್ಟು ಮಾತ್ರ ಮರಾಠಿ ಬರುವ ನಿನ್ನ ಅವ್ವ, ಎಲ್ಲರಿಗೂ ತಿಳಿಯಲೆಂದು ಆ ಹರಕು ಮರಾಠಿಯಲ್ಲೇ ಹೇಳಿದಳು. ನನ್ನ ಮಗ ಜೋರಾಗಿ ಬಿಟ್ಟು ಸಾಯಲಿಲ್ಲ, ರಿಮ್ಮಿಗೆ ಎಣ್ಣೆ ಹಚ್ಚಿದವಳು ನಾನು, ಒರೆಸಬೇಡ ಅಂದವಳೂ ನಾನು, ಅವನಿಗೆ ಗೊತ್ತಿತ್ತು, ನನ್ನ ಮಾತು ಮೀರಲಿಲ್ಲ. ನಿಮ್ಮ ತಾಯಂದಿರು ಹೇಳಿದರೂ ಕೇಳಬೇಡಿ ಎಂದಳು. ಆಮೇಲೆ ಸಾಲಿಗೆ ನಿಂತ ಸೈಕಲ್ಲುಗಳ ಮುಂದೆ ಒಂದೊಂದಾಗಿ ಕೂತು ರಿಮ್ಮು ಒರೆಸುತ್ತ ಹೋದಳು. ಹುಡುಗರು ಬೇಡವೆನ್ನಲಾರದೆ ಹ್ಯಾಂಡಲ್ ಹಿಡಿದು ನಿಂತಿದ್ದರು. ಎಷ್ಟೋ ಸೈಕಲ್ಲುಗಳಿಂದ ಬಟ್ಟೆಗೆ ಎಣ್ಣೆ ಹತ್ತಿತು. ಗೂಳಪ್ಪನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನು ಬಾವುಟ ಬೀಸಿದೆ, ಕಣ್ಣಿಗೆ ಏನೂ ಕಾಣಲಿಲ್ಲ.

ಎಲ್ಲ ಹುಡುಗರೂ ತಿರುಗಿ ಬಂದರು.

ನಿನಗೆ ಅವಳು ಬರೆಸಿದ್ದು ಇಷ್ಟು: "ಕೂಸಿಗೆ ಶಿವಪುತ್ರ ಅಂತನ ಹೆಸರಿಡು. ಬೀಗತಿ ಏನರ ಅಂದ್ರ ನನ್ನ ಹೆಸರು ಹೇಳು, ಬೈದ್ರ ನನ್ನ ಬೈಲಿ." ಈ ಕಾಗದವನ್ನು ಎಲ್ಲರ ಮುಂದೂ ಓದಬಹುದು, ಅಂತಲೂ ಹೇಳಿದಳು.

ಈಗಷ್ಟೇ ಬನ್ನಿ ಮುಡಿದು ಬಂದೆವು. ಅವಳು ಅಂಗಳದಲ್ಲಿ ಸೈಕಲ್ಲಿನ ಮುಂದೆ ಕೂತಿದ್ದಾಳೆ. ಗೂಟದ ಮೇಲೆ ವರ್ಷದಿಂದ ಹಾಗೇ ಇದ್ದ ಅವನ ಬಟ್ಟೆಯನ್ನು ತೆಗೆದುಕೊಂಡು, "ಬನ್ನಿ ಮುಡಿದಾತೋ ಎಪ್ಪಾ, ಈಗ ಒರಸೂಣು" ಅನ್ನುತ್ತ ಆ ಸೊಟ್ಟ ಗಾಲಿಯನ್ನು ಒರೆಸುತ್ತಿದ್ದಾಳೆ. ಅದರ ಮೇಲೆ ಈಗ ಏನೂ ಇಲ್ಲ. ಹಿಂದಿನ ಗಾಲಿ ಬಾಕಿ ಇದೆ, ನಾನೂ ಹೋಗಿ ಕೂಡುತ್ತೇನೆ.