ಖಾಲಿ ಕೋಶದ ಹೊಳಪು

ಶುಕ್ರವಾರ, ಹದಿನಾಲ್ಕನೇ ತಾರೀಖು

ಗೂಬೆ,

ಹೀಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ. ಬೇರೆ ಬೇರೆ ಮನೆ ಮಾಡಿ ವರ್ಷವಾಯಿತು. ಬೇರೆ ಸಂಬೋಧನೆ ಹುಡುಕಿದೆ, ಕೈ ಏಳಲಿಲ್ಲ. ಸೂಕ್ಷ್ಮದರ್ಶಕದ ಕತ್ತಲೆ ಕೋಣೆಯಲ್ಲಿ ನಿನ್ನ ಹಾಗೆ ಕಣ್ಣರಳಿಸಿ ಕೂರುವವರು ಈಗ ಯಾರೂ ಇಲ್ಲ.

ಮಂಗಳವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಚಹಾ ಇಟ್ಟು ಒಲೆಯ ಮೇಲೇ ಮರೆಯುತ್ತೇನೆ. ವಿಷಯ ನಾವಿಬ್ಬರೂ ಪ್ರಯೋಗಾಲಯದಲ್ಲಿ ತಯಾರಿಸಿದ ಬಣ್ಣದ್ದು. ನೀನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆಯಲ್ಲ, “ಗ್ಲುಟಾಥಯೋನ್ ಅಂದ್ರೆ ಜೀವಕೋಶಕ್ಕೆ ತುಕ್ಕು ಹಿಡೀದ ಹಾಗೆ ಕಾಯೋ ಕಾವಲುಗಾರ. ಅವನು ಒಳಗಿದ್ರೆ ನಮ್ಮ ಬಣ್ಣ ಹಸಿರಾಗಿ ಹೊಳೆಯುತ್ತೆ, ಇಲ್ದಿದ್ರೆ ಕತ್ತಲೆ” ಎಂದು. ಮಂಗಳವಾರ ಔಷಧಿ ಹಾಕಿ ಕೋಶಗಳಿಂದ ಆ ಕಾವಲುಗಾರನನ್ನು ಪೂರ್ತಿ ಖಾಲಿ ಮಾಡಿಸಿ, ಬಣ್ಣ ಹಾಕಿದೆ. ಆದರೂ ಹೊಳೆಯಿತು. ಮೂರು ಸಲ ಮಾಡಿದೆ, ಮೂರು ಸಲವೂ. ನಮ್ಮ ಬಣ್ಣ ಇನ್ಯಾವುದಕ್ಕೋ ಅಂಟಿಕೊಳ್ಳುತ್ತಿದೆ.

ವಿಭಾಗದ ಮೇಡಂಗೆ ತೋರಿಸಿದೆ. “ಸುಮ್ನಿರಮ್ಮಾ, ಆ ಬಣ್ಣದ ಬಗ್ಗೆ ನಿಮ್ಮಿಬ್ಬರ ಲೇಖನ ಅಚ್ಚಾಗಿ ಮೂರು ವರ್ಷ ಆಯ್ತು. ಸತ್ತ ಹಾವನ್ನ ಯಾಕೆ ಹೊಡೀತೀಯ?” ಎಂದರು. ಹಾವು ಸತ್ತಿಲ್ಲ. ಸೋಮವಾರವಷ್ಟೇ ಆಸ್ಪತ್ರೆಯಿಂದ ಕಾಗದ ಬಂದಿದೆ: ಮುಂದಿನ ತಿಂಗಳಿಂದ ಕ್ಯಾನ್ಸರ್ ರೋಗಿಗಳ ಗಡ್ಡೆಯ ತುಣುಕಿಗೆ ಇದೇ ಬಣ್ಣ ಹಾಕಿ, ಕಾವಲುಗಾರ ಹೆಚ್ಚಿರುವ ಗಡ್ಡೆ ಸುಲಭಕ್ಕೆ ಮದ್ದಿಗೆ ಬಗ್ಗುವುದಿಲ್ಲವೆಂದು ಹೆಚ್ಚು ಹೊಳೆದವರಿಗೆ ಹೆಚ್ಚು ಮದ್ದು ಕೊಡುತ್ತಾರಂತೆ. ಸುಳ್ಳು ಹೊಳಪನ್ನು ನಂಬಿ ಯಾರದೋ ಮೈಗೆ ವಿಷದಂಥ ಮದ್ದು ಏರಿಸುತ್ತಾರೆ.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ನಿಲ್ಲಿಸಿ ಎಂದು ಬರೆದೆ. ಅಚ್ಚು ಮಾಡಿದ ಪತ್ರಿಕೆಗೆ ಲೇಖನ ಹಿಂತೆಗೆಯಿರಿ ಎಂದು ಬರೆದೆ. ನಿನ್ನ ಹೊಸ ಹುದ್ದೆ ಆ ಲೇಖನದ ಮೇಲೇ ನಿಂತಿದೆಯೆಂದು ಗೊತ್ತು. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನಿನ್ನ ದನಿಗೆ ಕರಗಿಬಿಡುತ್ತಿದ್ದೆ. ಬೈಯಬೇಕೆನಿಸಿದರೆ ಫೋನ್ ಮಾಡು, ಎತ್ತುತ್ತೇನೆ.

ಕಾಗದದ ಮೇಲಾದರೂ ಇನ್ನೂ ನಿನ್ನವಳೇ ಆದ
ಹೆಂಡತಿ

ತಾ.ಕ.: ಇದು ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಆ ಹೊಳಪನ್ನು ನಾನು ಮೊದಲು ಕಂಡದ್ದು ಮೂರು ವರ್ಷದ ಹಿಂದೆ, ಲೇಖನ ಕಳಿಸುವ ಹಿಂದಿನ ದಿನ. ನೀನು ಬಾಗಿಲಲ್ಲಿ ನಿಂತು, “ಖಾಲಿ ಕೋಶ ಕತ್ತಲೆ ತಾನೆ?” ಎಂದೆ. ನಿನ್ನ ಮುಖದಲ್ಲಿ ಅಷ್ಟು ಖುಷಿಯಿತ್ತು. ನಾನು “ಹೂಂ” ಎಂದೆ. ಅಚ್ಚಾದ ಆ ಕತ್ತಲೆ ಚಿತ್ರ, ಸೂಕ್ಷ್ಮದರ್ಶಕದ ದೀಪ ಆರಿಸಿ ತೆಗೆದದ್ದು. ಆಮೇಲೆ ನಿನ್ನ ಕಣ್ಣು ತಪ್ಪಿಸಿ ಓಡಾಡಿದೆ. ನನಗೆ ಬೇರೆ ಯಾರೋ ಇದ್ದಾರೆಂದು ನೀನು ತಿಳಿದೆ. ಯಾರೂ ಇರಲಿಲ್ಲ. ತಪ್ಪು ನನ್ನೊಬ್ಬಳದೇ, ನಿನಗೆ ಗೊತ್ತೇ ಇರಲಿಲ್ಲ ಎಂದು ಪತ್ರಿಕೆಗೂ ಬರೆದಿದ್ದೇನೆ.